ಮೋರಿಸ್ ಕಾರಿನ ಕೆಸರುಬೂಟು

ಬ್ಯಾಡಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಫಕ್ಕೀರೇಶನಿಗೆ ಆ ವರ್ಷ ಸೀಗಿ ಹುಣ್ಣಿವೆ ಹತ್ತಿರ ಬಂದಂತೆಲ್ಲ ನಿದ್ದೆ ದೂರವಾಗತೊಡಗಿತು. ಅದಕ್ಕೆ ಕಾರಣ ಹಬ್ಬವಲ್ಲ, ಷಡ್ಡಕ. ಹೆಂಡತಿ ಜಯವ್ವನ ಅಕ್ಕನ ಗಂಡ ಉಡಚಪ್ಪ ಕಲಿತದ್ದು ಏಳನೆಯ ಈಯತ್ತೆ; ಆದರೆ ಅವನ ಬಳಿ ಟ್ರ್ಯಾಕ್ಟರ್ ಇತ್ತು. ಫಕ್ಕೀರೇಶ ತನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಮನುಷ್ಯ, ಎಂ.ಎ. ಬೇರೆ, ಅವನ ಬಳಿ ರಾಣೆಬೆನ್ನೂರಿನ ನಿವೃತ್ತ ಡಾಕ್ಟರೊಬ್ಬರಿಂದ ಕೊಂಡ ಮೋರಿಸ್ ಮೈನರ್ ಕಾರಿತ್ತು. ಕಾರು ಇವನಿಗಿಂತ ವಯಸ್ಸಿನಲ್ಲಿ ಹಿರಿದು. (ಆ ಗೌರವದಿಂದಲೋ ಏನೋ, ನಡುದಾರಿಯಲ್ಲಿ ನಿಂತರೂ ಅವನು ಅದನ್ನು ಏಕವಚನದಲ್ಲಿ ಬಯ್ಯುತ್ತಿರಲಿಲ್ಲ.)

ಹಿಂದಿನ ವರ್ಷ ಇದೇ ಹಬ್ಬಕ್ಕೆ ಅವನು ಗುತ್ತಲದ ಆಚೆಗಿರುವ ಮಾವನ ಊರಿಗೆ ಕಾರಿನಲ್ಲೇ ಹೊರಟಿದ್ದ. ಡಾಂಬರು ರಸ್ತೆ ಬಿಟ್ಟ ಮೇಲೆ ಊರಿನವರೆಗೆ ಎರೆಮಣ್ಣಿನ ದಾರಿ. ಮಳೆ ಬಿದ್ದ ಎರೆಮಣ್ಣು ಬೀಗರ ಹಾಗೆ. ಒಮ್ಮೆ ಹಿಡಿದುಕೊಂಡರೆ ಸುಮ್ಮನೆ ಬಿಟ್ಟು ಕಳಿಸುವುದಿಲ್ಲ. ಕಾರು ಅರ್ಧ ದಾರಿಯಲ್ಲಿ ಹೂತು ಕುಳಿತಿತು. ಉಡಚಪ್ಪ ಬಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದ. ಎಳೆದದ್ದಕ್ಕೆ ಫಕ್ಕೀರೇಶನಿಗೆ ಬೇಸರವಿರಲಿಲ್ಲ. ಆದರೆ ಪುಣ್ಯಾತ್ಮ ಸೀದಾ ಮನೆಗೆ ಎಳೆಯದೆ, ಊರೆಲ್ಲ ಒಂದು ಸುತ್ತು ಹಾಕಿಸಿ ತಂದ. ಸ್ಟಿಯರಿಂಗ್ ಹಿಡಿದು ಕುಳಿತಿದ್ದ ಫಕ್ಕೀರೇಶನಿಗೆ ಮೆರವಣಿಗೆಯ ಮದುಮಗನಂತೆ ಎರಡೂ ಕಡೆ ಕೈ ಮುಗಿಯುವುದೊಂದು ಬಾಕಿ ಇತ್ತು. ಅಂದಿನಿಂದ ಮದುವೆಯಿರಲಿ, ತೊಟ್ಟಿಲಿರಲಿ, ನಾಲ್ಕು ಜನ ಸೇರಿದಲ್ಲಿ ಉಡಚಪ್ಪ ಕೇಳುವುದು ಒಂದೇ ಮಾತು: "ಮಾಸ್ತರ, ಹಗ್ಗ ತಂದೀರೇನು?"

ಈ ವರ್ಷ ಹಾಗಾಗಕೂಡದು. ಕಾರು ಯಾರ ಹಂಗೂ ಇಲ್ಲದೆ ಮಾವನ ಅಂಗಳದಲ್ಲಿ ಹೋಗಿ ನಿಲ್ಲಬೇಕು. ಅಳಿಯನೆಂದರೆ ಇವನು ಎಂದು ಊರು ಒಪ್ಪಬೇಕು. ಅದಕ್ಕೆ ಕೆಸರಿಗೆಂದೇ ಮಾಡಿದ ಟೈರು ಹಾಕಿಸುವುದೊಂದೇ ದಾರಿ ಎಂದು ಅವನು ತೀರ್ಮಾನಿಸಿದ.

"ಡಾಂಬರ್ ರಸ್ತೆ ಮ್ಯಾಲೆ ಗಾಡಿ ಬಿಟ್ಟು, ಚಪ್ಪಲಿ ಕೈಯಾಗ ಹಿಡಕೊಂಡು ನಡದ್ರ ಆತಪ್ಪ," ಎಂದಳು ಜಯವ್ವ. "ಎಲ್ಲಾರೂ ಹಂಗ ಹೋಗ್ತಾರ."

"ಎಲ್ಲಾರೂ ಎಂ.ಎ. ಮಾಡ್ಯಾರೇನು?"

"ಕೆಸರಿಗೆ ನಿಮ್ಮ ಎಂ.ಎ. ಗೊತ್ತಾಗತೈತೇನ್ರಿ?"

ಗೊತ್ತಾಗುವಂತೆ ಮಾಡುತ್ತೇನೆಂದು ಫಕ್ಕೀರೇಶ ಟೈರು ಹುಡುಕಲು ಹೊರಟ. ರಾಣೆಬೆನ್ನೂರಿನ ಅಂಗಡಿಯಲ್ಲಿ ಜೀಪಿನ ಟೈರುಗಳನ್ನು ಕಂಡು ಅವನ ಕಣ್ಣು ತುಂಬಿತು. ಹಲ್ಲುಗಳ ನಡುವೆ ಕೈಬೆರಳು ಮುಳುಗುವಷ್ಟು ಆಳ. ಆದರೆ ಟೈರಿನ ಒಳಸುತ್ತಿನಲ್ಲಿ ಮೋರಿಸ್ಸಿನ ಚಕ್ರ ಅಜ್ಜಿಯ ಬಳೆಯಲ್ಲಿ ಮಗುವಿನ ಕೈಯಂತೆ ಅಲ್ಲಾಡಿತು. ಅಂಗಡಿಯವನು ಬಹಳ ಹೊತ್ತು ಎರಡನ್ನೂ ನೋಡಿ, ಟೈರಿನಲ್ಲಿ ದೋಷವೇನಿಲ್ಲ, ಗಾಡಿ ಬದಲಿಸುವುದು ಒಳ್ಳೆಯದು ಎಂದ. ಕೊನೆಗೆ ಹಾವೇರಿಯಲ್ಲಿ ಖತೀಜಾಬಿಯ ರಿಸೋಲ್ ಅಂಗಡಿ ಪತ್ತೆಯಾಯಿತು. ಸವೆದ ಟೈರನ್ನು ಕೆರೆದು, ಮೇಲೆ ಹೊಸ ರಬ್ಬರಿನ ಪಟ್ಟಿ ಕೂಡಿಸುವ ಅಂಗಡಿ ಅದು. ಬೇಕಾದ ಹಲ್ಲಿನ ಪಟ್ಟಿಯನ್ನು ಆರಿಸಿಕೊಳ್ಳಬಹುದು. ಖತೀಜಾಬಿ ಮೂರು ಬಗೆ ತೋರಿಸಿದಳು: ನೇರ ಗೆರೆಯದು, ಓರೆ ಗೆರೆಯದು, ಬಿಡಿಬಿಡಿ ದಪ್ಪ ಹಲ್ಲಿನದು. ಯಾವುದು ಎಂದು ಕೇಳಿದರೆ ಫಕ್ಕೀರೇಶ, ಇದು ಅವಸರದ ವಿಷಯವಲ್ಲ, ವಿಚಾರ ಮಾಡಬೇಕು ಎಂದು ಎದ್ದು ಬಂದ. ಸೀರೆ ಅಂಗಡಿಯಲ್ಲಿ ಹೆಂಡತಿ ಇದೇ ಮಾತು ಹೇಳಿದಾಗ ಅವನೇ ಸಿಡಿಮಿಡಿಗೊಂಡಿದ್ದ. (ಅದು ಬೇರೆ ವಿಷಯ.)

ಭಾನುವಾರ ಅವನು ಒಂದು ಚೀಲ ಎರೆಮಣ್ಣು ತರಿಸಿ, ಹಿತ್ತಲಲ್ಲಿ ಸುರುವಿ, ನೀರು ಹಾಕಿ ಹದವಾಗಿ ಕಲಸಿದ. ಅಡಿಗೆಮನೆಯಿಂದ ಲಟ್ಟಣಿಗೆ ತಂದು, ಅದಕ್ಕೆ ಒಮ್ಮೆ ಹುರಿ ಸುತ್ತಿ, ಒಮ್ಮೆ ಓರೆಯಾಗಿ ಸುತ್ತಿ, ಒಮ್ಮೆ ರಬ್ಬರಿನ ತುಂಡುಗಳನ್ನು ಬಿಡಿಬಿಡಿಯಾಗಿ ಕಟ್ಟಿ ಕೆಸರಿನ ಮೇಲೆ ಉರುಳಿಸತೊಡಗಿದ. ಚಪಾತಿಗೆ ಕಣಕ ನಾದಿಟ್ಟು ಲಟ್ಟಣಿಗೆ ಹುಡುಕುತ್ತ ಜಯವ್ವ ಹಿತ್ತಲಿಗೆ ಬಂದಳು. ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿಕೊಂಡು ಕೆಸರನ್ನು ನೋಡುತ್ತಿದ್ದ ಗಂಡ ಕಂಡ.

"ಏನ್ ಮಾಡಾಕತ್ತೀರಿ?"

"ಸಂಶೋಧನೆ."

"ನನ್ನ ಲಟ್ಟಣಗಿ ಮ್ಯಾಲ?"

"ಈ ಮನ್ಯಾಗ ಉರುಳೂ ವಸ್ತು ಅಂದ್ರ ಅದೊಂದ ಐತಿ."

"ನೀವೂ ಅದೀರಲ್ಲ," ಎಂದು ಜಯವ್ವ ಅವನ ಹೊಟ್ಟೆಯ ಕಡೆ ನೋಡಿ ಒಳಗೆ ಹೋದಳು. ಅಂದು ಮನೆಯಲ್ಲಿ ರೊಟ್ಟಿಯಾಯಿತು. ಆದರೆ ಸಂಶೋಧನೆಯ ಫಲ ಖಚಿತವಾಗಿತ್ತು: ದಪ್ಪ ಹಲ್ಲಿನ ಪಟ್ಟಿಗೆ ಕೆಸರಿನ ಹಿಡಿತ ಹೆಚ್ಚು.

ಖತೀಜಾಬಿ ಪಟ್ಟಿಯನ್ನೂ ಕಾರನ್ನೂ ನೋಡಿದಳು. "ಸರ್, ಇದು ದೊಡ್ಡ ಗಾಡಿದು. ಇದನ್ನ ಹಾಕಿದ್ರ ಸಣ್ಣ ಕೂಸು ಅವರಪ್ಪನ ಬೂಟ್ ಹಾಕ್ಕೊಂಡಂಗ ಕಾಣತೈತಿ. ಹಾಕಸೂದ ಖರೇ ಅಂದ್ರ ಹಿಂದಿನ ಎರಡಕ್ಕ ಸಾಕು."

ಒಂದೇ ಮನೆಯಲ್ಲಿ ಇಬ್ಬರಿಗೆ ಬೂಟು, ಇಬ್ಬರಿಗೆ ಬರಿಗಾಲು ಎಂಬ ಅನ್ಯಾಯಕ್ಕೆ ಫಕ್ಕೀರೇಶ ಒಪ್ಪಲಿಲ್ಲ. ನಾಲ್ಕಕ್ಕೂ ಹಾಕಿಸಿದ.

ಹಬ್ಬದ ದಿನ ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ಡಾಂಬರಿನ ಮೇಲೆ ಆ ಹಲ್ಲುಗಳು ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿದವು. ಮೋಟೆಬೆನ್ನೂರಿನಲ್ಲಿ ಜೋಳದ ಬುಟ್ಟಿ ಹೊತ್ತು ನಡೆದಿದ್ದ ಮುದುಕಿಯೊಬ್ಬಳು ಬುಟ್ಟಿ ಇಳಿಸಿ, ಗಿರಣಿ ಎಲ್ಲಿ ಸುರುವಾಯಿತೆಂದು ಅತ್ತಿತ್ತ ನೋಡಿದಳು. ದಾರಿಯುದ್ದಕ್ಕೂ ಜಯವ್ವ ಏನೋ ಹೇಳುತ್ತಲೇ ಇದ್ದಳು. ಕೇಳಿಸದ ಫಕ್ಕೀರೇಶ ಎಲ್ಲದಕ್ಕೂ ತಲೆಯಾಡಿಸಿದ. (ಒಪ್ಪಿಕೊಂಡದ್ದು ಇಳಕಲ್ ಸೀರೆಗೆ ಎಂದು ಆಮೇಲೆ ತಿಳಿಯಿತು.)

ಕೆಸರಿನ ದಾರಿ ಬಂತು. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಫಕ್ಕೀರೇಶ ಮನಸ್ಸಿನಲ್ಲೇ ಕದರಮಂಡಲಗಿಯ ಹನುಮಪ್ಪನಿಗೆ ಕಾಯಿ ಹೇಳಿಕೊಂಡು ಮೊದಲ ಗೇರು ಹಾಕಿದ. ಮೋರಿಸ್ ಒಮ್ಮೆ ಕೆಮ್ಮಿ, ಮೂಗು ಎತ್ತಿ, ಎಮ್ಮೆ ಕೆರೆಗಿಳಿದಂತೆ ಕೆಸರಿಗಿಳಿಯಿತು. ಇಳಿದದ್ದು ನಿಲ್ಲಲಿಲ್ಲ. ಹಲ್ಲುಗಳು ಮಣ್ಣನ್ನು ಕಚ್ಚಿ ಕಚ್ಚಿ ಹಿಂದಕ್ಕೆ ಉಗುಳಿದವು. ಹೋದ ವರ್ಷ ಹೂತಿದ್ದ ಜಾಗವನ್ನು ದಾಟುವಾಗ ಫಕ್ಕೀರೇಶನ ಎದೆ ಉಬ್ಬಿ ಹಾರ್ನಿಗೆ ತಾಗಿತು. ಕಾರು ಮಾವನ ಅಂಗಳದಲ್ಲೇ ಹೋಗಿ ನಿಂತಿತು.

ಅತ್ತೆ ಹೊಳಿಯವ್ವ ಪದ್ಧತಿಯಂತೆ ಅಳಿಯನ ಕಾಲಿಗೆ ಬಿಸಿನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ನೋಡಿದರೆ ಅಳಿಯನ ಬೂಟು ಪಾಲಿಶ್ ಹಾಕಿದಂತೆಯೇ ಮಿಂಚುತ್ತಿತ್ತು.

"ಅಳಿದೇವ್ರ, ನಿಮ್ಮ ಕಾಲು ಸ್ವಚ್ಛ ಅದಾವಲ್ಲ," ಎಂದು ಅವಳು ಗೊಂದಲಕ್ಕೆ ಬಿದ್ದಳು. ಹಬ್ಬದ ದಿನ ಹೊರಗೆ ತಂದ ನೀರನ್ನು ತಿರುಗಿ ಒಳಗೆ ಒಯ್ಯುವುದು ಸರಿಯಲ್ಲ. "ಪಾಪ, ನಡದ ಬಂದದ್ದು ಇದು," ಎಂದು ಬಗ್ಗಿ ಕಾರಿನ ಮುಂದಿನ ಎರಡೂ ಟೈರುಗಳನ್ನು ತೊಳೆದು, ಕುಂಕುಮ ಹಚ್ಚಿದಳು. ಅಷ್ಟರಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಬಿಟ್ಟು ನಡೆದುಕೊಂಡೇ ಬಂದ ಉಡಚಪ್ಪ, ಮೊಣಕಾಲಮಟ ಕೆಸರಿನೊಡನೆ ಅಂಗಳಕ್ಕೆ ಕಾಲಿಟ್ಟ. ಅವನಿಗೆ ಇನ್ನೊಂದು ತಂಬಿಗೆ, ಹೊಸ ಟವೆಲು, ಕುಡಿಯಲು ಬೆಲ್ಲದ ಚಹಾ ಬಂದವು. ಫಕ್ಕೀರೇಶ ಒಣ ಬೂಟಿನಲ್ಲಿ ನಿಂತೇ ಇದ್ದ.

ಸೀಗಿ ಹುಣ್ಣಿವೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಪೂಜೆ ಮಾಡಿ, ಎಡೆಯ ಚರಗವನ್ನು ಹೊಲದ ತುಂಬ ಚೆಲ್ಲಿ, ಅಲ್ಲೇ ಉಣ್ಣಬೇಕು. ಕೆಸರಿನಲ್ಲಿ ಎತ್ತಿಗೆ ತ್ರಾಸಾಗುತ್ತದೆ, ಬುತ್ತಿಯನ್ನಾದರೂ ಕಾರಿನಲ್ಲಿ ಒಯ್ದರೆ ಹೇಗೆ ಎಂದು ಮಾವ ಡಾಕಪ್ಪ ಕೇಳಿದ. ಫಕ್ಕೀರೇಶ ಹಿಗ್ಗಿದ. ಮೊದಲ ಸಲ ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯದ ಬುಟ್ಟಿಗಳು ಹೋದವು. ಎರಡನೆಯ ಸಲ ಅತ್ತೆ ಮತ್ತು ಮೊಣಕಾಲು ಬೇನೆಯ ಅವ್ವಂದಿರು. ಅಷ್ಟರಲ್ಲಿ ಸುದ್ದಿ ಓಣಿಗೆ ಹಬ್ಬಿತು. ಆ ಕಡೆ ಹೊಲವಿದ್ದವರೆಲ್ಲ ಬುಟ್ಟಿಯೊಂದಿಗೆ ಸಾಲಾಗಿ ನಿಂತರು. ಬೀಗರ ಪೈಕಿ ಕರಿಯವ್ವನೆಂಬ ಮುದುಕಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತು, "ಏ ಡ್ರೈವರಪ್ಪ, ಬಾಗಲಾ ಹಾಕು," ಎಂದಳು.

ಇವರು ಡಾಕಪ್ಪನ ಅಳಿಯಂದಿರು, ಕಾಲೇಜು ಮಾಸ್ತರು ಎಂದು ಯಾರೋ ತಿಳಿಸಿ ಹೇಳಿದರು.

"ಹೌದೇನು," ಎಂದಳು ಕರಿಯವ್ವ. "ಹಂಗಾರ ಮೆಲ್ಲಕ ಹೊಡಿಯಪ್ಪ, ರೂಢಿ ಇರಾಕಿಲ್ಲ."

ಎಲ್ಲರನ್ನೂ ಮುಟ್ಟಿಸಿ ಫಕ್ಕೀರೇಶ ಹೊಲಕ್ಕೆ ಬರುವಷ್ಟರಲ್ಲಿ ಚರಗ ಚೆಲ್ಲಿ ಮುಗಿದಿತ್ತು. ಉಡಚಪ್ಪ ಉಂಡು, ಬನ್ನಿ ಗಿಡದ ನೆರಳಿನಲ್ಲಿ ಎಲೆಯಡಿಕೆ ಮೆಲ್ಲುತ್ತ ಅಡ್ಡಾಗಿದ್ದ. ಎತ್ತುಗಳಿಗೆ ಮೇವು ಹಾಕುವ ಹೊತ್ತಿಗೆ ಅಳಿಯನ ಊಟದ ಸರದಿ ಬಂತು. ಆದರೆ ಉಂಡು ಕೈ ತೊಳೆಯುವಾಗ ಉಡಚಪ್ಪ ಎದ್ದು ಬಂದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿನ ಹಲ್ಲು ಮುಟ್ಟಿ ನೋಡಿದ.

"ಮಾಸ್ತರ, ಟೈರ್ ಆರಿಸಿದ್ರ ನಿಮ್ಮಂಗ ಆರಿಸಬೇಕು ನೋಡ್ರಿ."

ಅಷ್ಟು ಸಾಕಾಯಿತು. ಒಂದು ವರ್ಷದ ಉರಿ ಆ ಕ್ಷಣಕ್ಕೆ ಆರಿತು. ಫಕ್ಕೀರೇಶ ಅವನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ, ಗೇರು ಹೇಗೆ ಬೀಳುತ್ತದೆ, ಯಾವಾಗ ಕೆಮ್ಮುತ್ತದೆ, ಕೆಮ್ಮಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಕ್ಲಾಸಿನಲ್ಲಿ ಕಲಿಸುವಂತೆ ಕಲಿಸಿದ. ಉಡಚಪ್ಪ ಒಳ್ಳೆಯ ವಿದ್ಯಾರ್ಥಿ. ಹೊಲದ ಬದುವಿನ ಪಕ್ಕದಲ್ಲೇ ಎರಡು ಸುತ್ತು ಹೊಡೆದು ತೋರಿಸಿದ.

ದೀಪಾವಳಿಯ ಹೊತ್ತಿಗೆ ಹಿಂಗಾರಿ ಮಳೆ ಹಿಡಿಯಿತು. ಹಬ್ಬದ ಹಿಂದಿನ ದಿನ ಫಕ್ಕೀರೇಶ ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದಾಗ ಉಡಚಪ್ಪ ಬಸ್ಸಿನಿಂದಿಳಿದು ಮನೆಗೆ ಬಂದ. ಅಳಿದೇವರಿಗೆ ಕಾಲೇಜಿನ ಕೆಲಸ ಬಹಳ, ಅವರಿಗೆ ತ್ರಾಸ ಬೇಡ, ಗಾಡಿ ಮಾತ್ರ ಕಳಿಸಲಿ ಎಂದು ಅತ್ತೆ ಹೇಳಿ ಕಳಿಸಿದ್ದಳು. ಜಯವ್ವ ಆಗಲೇ ಹೊಸ ಇಳಕಲ್ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಹಿಂದಿನ ಸೀಟನ್ನೆಲ್ಲ ಉಡಚಪ್ಪ ಬರುವಾಗ ಪೇಟೆಯಿಂದ ತಂದ ಮೆಣಸಿನಕಾಯಿ ಚೀಲಗಳು ಆಕ್ರಮಿಸಿದ್ದವು. ಫಕ್ಕೀರೇಶ ಕಾರನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ.

"ಒಂದು ಚೀಲ ಇಳಿಸಿದ್ರ ನಿಮಗ ಜಾಗ ಆಗತೈತಿ, ಮಾಸ್ತರ," ಎಂದು ಉಡಚಪ್ಪ ನಿಜವಾದ ಮರುಕದಿಂದ ಹೇಳಿದ. "ಆದ್ರ ಏನ್ ಮಾಡೂದು, ಅತ್ತೆವ್ವ ಚೀಲ ಮರೀಬ್ಯಾಡ ಅಂದಾಳ."

ಫಕ್ಕೀರೇಶ ಹಿಂದಿನ ಬಾಗಿಲು ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದ. ಆಮೇಲೆ ಕಾರಿನ ತಲೆಯ ಮೇಲೆ ಎರಡು ಸಲ ತಟ್ಟಿ, "ರೈಟ್" ಎಂದ.