ಅಪ್ಪನಿಗೊಂದು ಅರ್ಜಿ

ಮಕ್ಕಳಿಗೆ ಬದುಕು ಕಲಿಸಲು ಹೋದಾಗಲೆಲ್ಲ ಅದು ನನ್ನ ತಲೆಗೇ ಸುತ್ತಿಕೊಂಡಿದೆ. ಕಾರವಾರದಲ್ಲಿ ಹುಟ್ಟಿದ ನಾನು ಮದುವೆಯಾಗಿ ಬೆಂಗಳೂರಿನ ಕಾರ್ಖಾನೆಗಳ ಪೀಣ್ಯದ ಕಡೆ ಬಂದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲೊಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಹೆಡ್‌ಮಾಸ್ಟರು ಒಂದು ದಿನ, "ಪಾಠದ ಜೊತೆ ಬದುಕಿಗೆ ಬೇಕಾದ್ದನ್ನೂ ಕಲಿಸಿ ಮೇಡಂ" ಎಂದರು. ಕಲಿಸಿದೆ, ಅನುಭವಿಸಿದೆ.

೧. ಅಜ್ಜಿಗೆ ಪತ್ರ

"ಊರಲ್ಲಿರೋ ಅಜ್ಜಿಗೆ ಮನಸ್ಸು ಬಿಚ್ಚಿ ಪತ್ರ ಬರೀರಿ" ಎಂದೆ. ಆ ಮಕ್ಕಳು ಕಂಡಿದ್ದ ಪತ್ರಗಳೆಂದರೆ ಅಪ್ಪ ಕಾರ್ಖಾನೆಗೆ ಬರೆಯುವ ಅರ್ಜಿ, ಕಾರ್ಖಾನೆಯಿಂದ ಬರುವ ನೋಟೀಸು. ಹತ್ತನೇ ತರಗತಿಯ ಜಾಣೆಯೊಬ್ಬಳು ಬರೆದಿದ್ದಳು: "ಮಾನ್ಯ ಅಜ್ಜಿಯವರೇ, ವಿಷಯ: ನನ್ನನ್ನು ಪಿಯುಸಿಗೆ ಕಳಿಸುವಂತೆ ಅಪ್ಪನಿಗೆ ಹೇಳುವ ಬಗ್ಗೆ." ಸೂಪರ್‌ವೈಸರ್ ಆಗಿದ್ದ ಅವಳಪ್ಪ, ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿ ಸಾಕು ಎಂದಿದ್ದರಂತೆ. ನನ್ನ ಕಣ್ಣು ತುಂಬುವಷ್ಟರಲ್ಲಿ ಕೊನೆಯ ಸಾಲು ಸಿಕ್ಕಿತು: "ಏಳು ದಿನದೊಳಗೆ ಉತ್ತರ ಬಾರದಿದ್ದಲ್ಲಿ ತಾವು ಒಪ್ಪಿದ್ದೀರೆಂದು ಭಾವಿಸಲಾಗುವುದು."

೨. ಆಗಲ್ಲ

ಪಾಠದಲ್ಲಿ ರಾಜನೊಬ್ಬ ಕೇಳಿದವರಿಗೆಲ್ಲ ಹೂಂ ಅಂದು ರಾಜ್ಯ ಕಳೆದುಕೊಂಡಿದ್ದ. "ಒಪ್ಪಿಗೆ ಇಲ್ಲದ್ದಕ್ಕೆ ಮರ್ಯಾದೆಯಿಂದಲೇ ಆಗಲ್ಲ ಅನ್ನಿ" ಎಂದು ಕಲಿಸಿದೆ. ಮರುದಿನ ಹೋಮ್‌ವರ್ಕ್ ಕೇಳಿದರೆ ಹಿಂದಿನ ಬೆಂಚು ಪೂರ್ತಿ ಎದ್ದು, ಕೈಮುಗಿದು, "ಆಗಲ್ಲ ಮಿಸ್" ಅಂದಿತು! ಸಾಲದ್ದಕ್ಕೆ ಆ ಜಾಣೆ, ಹೊಲಿಗೆ ಮೆಷಿನ್ ಹೊತ್ತು ತಂದ ಅಪ್ಪನಿಗೂ ಅದನ್ನೇ ಹೇಳಿದಳು. ಅವರು ಕಾರ್ಖಾನೆಯ ಬಟ್ಟೆಯಲ್ಲೇ ಶಾಲೆಗೆ ಬಂದರು.

"ಏನ್ ಮಿಸ್, ನೀವು ಕನ್ನಡ ಕಲಿಸ್ತೀರೋ, ಯೂನಿಯನ್ ಕಟ್ತೀರೋ?"

೩. ಶಿಫಾರಸು

ನನಗೂ ರೋಸಿಹೋಗಿತ್ತು. "ನಿಮ್ಮಪ್ಪನಿಗೇ ಒಂದು ಅರ್ಜಿ ಹಾಕೇ ಮಾರಾಯ್ತಿ!" ಎಂದೆ. ಹಾಕಿದಳು. ಮೂಲೆಯಲ್ಲಿ ಕೆಂಪು ಶಾಯಿಯ ಷರಾದೊಂದಿಗೆ ಅರ್ಜಿ ವಾಪಸ್ಸು ಬಂತು: "ಮೇಲಧಿಕಾರಿಯ ಶಿಫಾರಸು ಇಲ್ಲ." ಹುಡುಗಿ ಅಳುತ್ತ ನನ್ನ ಮುಂದೆ ನಿಂತಳು.

"ಮನೇಲಿ ನಿನಗೂ ಅಪ್ಪನಿಗೂ ನಡುವೆ ಯಾರಿದ್ದಾರೆ?"

"ಅಮ್ಮ, ಮಿಸ್."

"ಮತ್ತೆ? ಹೋಗು!"

ಅಮ್ಮ ಬರೀ ಸಹಿ ಹಾಕಲಿಲ್ಲ. "ಶಿಫಾರಸು ಮಾಡಿದೆ. ಒಪ್ಪದಿದ್ದರೆ ನಾಳೆಯಿಂದ ಕ್ಯಾಂಟೀನ್ ಬಂದ್" ಎಂದೂ ಬರೆದರು.

ಮರುದಿನ ಹುಡುಗಿ ಕುಣಿಯುತ್ತ ಬಂದು ಆದೇಶ ತೋರಿಸಿದಳು: "ಪಿಯುಸಿ ಮಂಜೂರು. ಮೊದಲ ವರ್ಷ ಪ್ರೊಬೇಷನ್."

ಅದರ ಕೆಳಗೇ ಇನ್ನೊಂದು ಸಾಲು: "ಪ್ರತಿ: ಕನ್ನಡ ಮಿಸ್ ಅವರಿಗೆ. ಬರುವ ವರ್ಷ ನನ್ನ ಎರಡನೇ ಮಗಳು ನಿಮ್ಮ ತರಗತಿಗೆ ಬರುತ್ತಾಳೆ. ದಯವಿಟ್ಟು ಅವಳಿಗೆ ವ್ಯಾಕರಣ ಮಾತ್ರ ಕಲಿಸಿ."