ಬ್ರೆಡ್ ಮಿಷನ್ ಬಂದ ಮನೆ

ಹಾಸನದ ಹೋಟೆಲೊಂದರಲ್ಲಿ ಬೆಣ್ಣೆ ಸವರಿದ ಬಿಸಿ ಬ್ರೆಡ್ ತಿಂದ ದಿನದಿಂದ ರವೀಂದ್ರನ ನಾಲಗೆ ಅವನ ಮಾತು ಕೇಳುತ್ತಿರಲಿಲ್ಲ. ಹಾಲು, ಬೆಣ್ಣೆ ಮನೆಯಲ್ಲೇ ಇರುವಾಗ ಬ್ರೆಡ್ಡು ಮಾತ್ರ ಯಾಕೆ ಹೊರಗಿನದು ಎಂದುಕೊಂಡು ಅಂಗಡಿಗೆ ನುಗ್ಗಿ ಬ್ರೆಡ್ ಮಾಡುವ ಮಿಷನ್ ಕೇಳಿದ. ಸಂತೆಯಲ್ಲಿ ಹೋರಿ ನೋಡುವವನಂತೆ ಒಂದೊಂದರ ಬೆನ್ನು ತಟ್ಟಿದ, ಬಾಯಿ ತೆಗೆಸಿದ, ಹಿಂದಕ್ಕೆ ಹೋಗಿ ಬಾಲದಂತಿದ್ದ ವೈರು ಎಳೆದ. ಸುಳಿ ಒಂದು ನೋಡಲಿಲ್ಲ, ಅಷ್ಟೆ. ಗುಂಡಿ ಕಮ್ಮಿ ಇರೋದೇ ಸುಲಭ ಸಾರ್ ಎಂದಳು ಅಂಗಡಿಯವಳು. ರವೀಂದ್ರ ಎಲ್ಲಕ್ಕಿಂತ ಹೆಚ್ಚು ಗುಂಡಿ ಇದ್ದದ್ದನ್ನೇ ಹೊತ್ತುಕೊಂಡು ಹಳೇಕೋಟೆ ಕಡೆಯ ತನ್ನ ಊರಿಗೆ ಬಂದ.

ಮಾರನೆಯ ದಿನ ಊರಿನ ಹಾಲಿನ ಡೇರಿಗೆ ಅಧ್ಯಕ್ಷರ ಆಯ್ಕೆ. ಹಿಂದೆ ಸೋತು ನಗೆಪಾಟಲಾಗಿದ್ದ ರವೀಂದ್ರ ಈ ಸಲವೂ ಆ ಕುರ್ಚಿಯಲ್ಲಿ ಕೂರದಿದ್ದರೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ. ಪುಣ್ಯಕ್ಕೆ ವೋಟು ಹಾಕುವ ನಿರ್ದೇಶಕರ ತಲೆ ಎಣಿಸಿದರೆ ಎದುರಾಳಿ ನಂಜಪ್ಪನಿಗೆ ಒಂದು ವೋಟು ಕಮ್ಮಿ ಬೀಳುತ್ತಿತ್ತು. ಗೆದ್ದ ಮೇಲೆ ನಿರ್ದೇಶಕರಿಗೆಲ್ಲ ಬಿಸಿ ಬ್ರೆಡ್ ಹಂಚಬೇಕೆಂದು ರವೀಂದ್ರ ಕೋಳಿ ಕೂಗುವ ಹೊತ್ತಿಗೇ ಮಿಷನ್ನಿಗೆ ಮೈದಾ ಸುರಿದ.

"ಅದರ ಪುಸ್ತಕ ಓದ್ಕಂಡು ಮೈದಾ ಆಕಿ ಅಂದ್ರೆ ಕೇಳ್ತೀರಾ?" ಎಂದಳು ಹೆಂಡತಿ ಚಿಕ್ಕಲಕ್ಷ್ಮಮ್ಮ.

"ದಿನಾ ದನಕ್ಕೆ ಬೂಸ ಕಲ್ಸೋನ್ಗೆ ಇದ್ಯಾವ್ ಲೆಕ್ಕ, ಸುಮ್ಕಿರು."

ಮಿಷನ್ನು ನರಳಿತು, ಮುಲುಕಿತು, ದಢಬಡ ಕುಣಿಯಿತು. ಕೊನೆಗೆ ಮೊದಲ ಬ್ರೆಡ್ ಬೆಂದು ಅದರ ಘಮ ಬೀದಿಯ ತುಂಬ ಹರಡಿತು. ಖುಷಿಯಲ್ಲಿ ಎರಡನೆಯದಕ್ಕೆ ಹಿಟ್ಟು ಸುರಿದ ರವೀಂದ್ರ ಮುಚ್ಚಳ ಹಾಕುವುದನ್ನೇ ಮರೆತು ಗುಂಡಿ ಒತ್ತಿದ. ಮೈದಾ ಭುಸ್ಸೆಂದು ಎದ್ದು ಅವನ ಮುಖವೆಲ್ಲ ಸುಣ್ಣ ಹೊಡೆದ ಗೋಡೆಯಾಯಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಲಕ್ಕಮ್ಮ ಇಣುಕಿದಳು. ಆ ಊರಲ್ಲಿ ಬ್ರೆಡ್ ತಿನ್ನುವುದು ಜ್ವರ ಬಂದಾಗ, ಇಲ್ಲವೇ ಆಸ್ಪತ್ರೆಯ ಮಂಚದ ಮೇಲೆ.

"ಏನ್ಲಾ ರವೀಂದ್ರ, ಬ್ರೆಡ್ ವಾಸ್ನೆ ಬತ್ತೈತೆ? ಅದೇನ್ ಮೊಕ ಇಂಗ್ ಬಿಳಿಚ್ಕಂಡೈತೆ?"

"ಏನಿಲ್ಲ ದೊಡ್ಡವ್ವ, ಬ್ರೆಡ್ ಮಾಡೋ ಮಿಷನ್ ತಂದಿವ್ನಿ."

ಲಕ್ಕಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಜರ ಬಂದ್ರೆ ಜನ ಒಂದ್ ಪ್ಯಾಕೆಟ್ ತತ್ತಾರೆ. ನೀನು ಮಿಷನ್ನೇ ತಂದ್ಬುಟ್ಯಾ? ಅಂಗಾರೆ ಇದು ವಾಸಿ ಆಗೋ ಕಾಯ್ಲೆ ಅಲ್ಲ ಕಣಪ್ಪೋ!"

ಅವಳು ಹಾಲು ಹಾಕಲು ಡೇರಿಗೆ ಹೋದಳು. ಅವಳು ಕ್ಯಾನು ಇಳಿಸುವ ಮೊದಲೇ ಸುದ್ದಿ ಇಳಿಯಿತು. ಮುಖ ತೊಳೆಯಲೂ ಬಿಡದೆ ಜನ ಮನೆ ತುಂಬಿದರು. ಒಬ್ಬರ ಕೈಯಲ್ಲಿ ಎಳನೀರು, ಒಬ್ಬರ ಕೈಯಲ್ಲಿ ಮೂಸಂಬಿ. ಮೂಲೆಮನೆ ಸಣ್ಣಯ್ಯನಂತೂ ಬಂದವನೇ ರವೀಂದ್ರನ ಪಾದ ತಿಕ್ಕತೊಡಗಿದ.

"ಬಿಡಯ್ಯ, ನಾನು ಗುಂಡ್ಕಲ್ಲಂಗಿವ್ನಿ!"

"ಓಗೋ ಮುಂಚೆ ಎಲ್ರೂ ಅಂಗೇ ಅನ್ನೋದು," ಎಂದು ಸಣ್ಣಯ್ಯ ಕಣ್ಣೊರೆಸಿಕೊಂಡ.

ರವೀಂದ್ರ ದಿಕ್ಕುಗೆಟ್ಟು ಹೆಂಡತಿಯತ್ತ ನೋಡಿದ. ಚಿಕ್ಕಲಕ್ಷ್ಮಮ್ಮ ಆಗಲೇ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. "ಕಟ್ಕಂಡೋಳ್ಗೂ ಹೇಳ್ದೇನೆ ಮುಚ್ಚಿಟ್ಬುಟ್ರಲ್ಲ! ಅದ್ಕೇ ಬ್ರೆಡ್ಡು ಬ್ರೆಡ್ಡು ಅಂತಿದ್ರಾ?"

ಅವನಿಗೆ ಈಗ ನಿಜವಾಗಿಯೂ ಎದೆ ಡವಗುಟ್ಟಿತು. ಸಾಯುವವನಿಗೆ ಯಾರು ವೋಟು ಹಾಕುತ್ತಾರೆ?

ಆಗ ಜನರನ್ನು ಸರಿಸಿಕೊಂಡು ನಂಜಪ್ಪನೇ ಬಂದ. ರವೀಂದ್ರನ ಎರಡೂ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ: "ಮಗ, ನಿನ್ ಮುಂದೆ ನಾನು ನಿಲ್ತೀನಾ? ಅಧ್ಯಕ್ಷ ನೀನೇ ಆಗು. ಇರೋಗಂಟ ಆಗು."

ಏನೂ ಕಾಯಿಲೆಯಿಲ್ಲ ಎನ್ನಲು ರವೀಂದ್ರ ಬಾಯಿ ತೆರೆದವನು, ಆ ಮಾತನ್ನು ಹಾಗೇ ನುಂಗಿದ. ಸುಮ್ಮನೆ ಬಂದ ಕುರ್ಚಿ. ಮೆಲ್ಲಗೆ ಕೆಮ್ಮಿದ. ನೆರೆದವರೆಲ್ಲ ಲೊಚಗುಟ್ಟಿದರು.

ಡೇರಿಯಲ್ಲಿ ಅವನು ಅವಿರೋಧವಾಗಿ ಆಯ್ಕೆಯಾದ. ಹಾರ ಭಾರವಾದೀತೆಂದು ಒಂದೇ ಎಳೆಯದನ್ನು ಹಾಕಿದರು. ರವೀಂದ್ರನ ಕಣ್ಣು ಕುರ್ಚಿಯ ಮೇಲಿತ್ತು. ಮಿಕ್ಕವರ ಕಣ್ಣು ಅವನ ಉಸಿರಿನ ಮೇಲಿತ್ತು. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಉಪಾಧ್ಯಕ್ಷನ ಜಾಗಕ್ಕೆ ನಿರ್ದೇಶಕರು ಅಂಗಿ ಹಿಡಿದು ಕಿತ್ತಾಡಿದರು.

"ಅಷ್ಟ್ ದೊಡ್ದು ಬಿಟ್ಕೊಟ್ಟೋನ್ಗೆ ಇಷ್ಟೂ ಇಲ್ವಾ?" ಎಂದ ನಂಜಪ್ಪ. ಎಲ್ಲರೂ ನಾಚಿ ಕೈ ಎತ್ತಿದರು. ಅಧ್ಯಕ್ಷರಿಗೆ ಆಯಾಸವಾಗಬಾರದು, ಸಹಿ, ಸೀಲು, ಮೀಟಿಂಗು ಎಲ್ಲ ಉಪಾಧ್ಯಕ್ಷರದ್ದೇ ಎಂದೂ ಅಲ್ಲೇ ತೀರ್ಮಾನವಾಯಿತು. ನಂಜಪ್ಪ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

"ನಂಜಪ್ಪಣ್ಣ, ನಂಗೇನೂ ಕಾಯ್ಲೆ ಇಲ್ಲ!" ರವೀಂದ್ರ ಗಾಬರಿಯಲ್ಲಿ ಅವನ ಕಿವಿಗೆ ಬಾಗಿದ.

"ಗೊತ್ತು ಕಣ್ಲಾ," ಎಂದು ನಂಜಪ್ಪ ಪಿಸುಗುಟ್ಟಿದ. "ನನ್ ಮಗಳ್ ಮನೇಲೂ ಆ ಮಿಷನ್ ಐತೆ. ದಿನಾ ತಿಂದು ಎಲ್ರೂ ದುಂಡ್ಗವ್ರೆ. ಆದ್ರೆ ಕಾಯ್ಲೆ ಇಲ್ದೋನು ಕೆಮ್ಮಿ ಕುರ್ಚಿ ಇಸ್ಕಂಡ ಅಂತ ಊರ್ಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

ಇಡೀ ಸಭೆ ಕನಿಕರದಿಂದ ಅಧ್ಯಕ್ಷರನ್ನೇ ನೋಡುತ್ತಿತ್ತು. ರವೀಂದ್ರ ಮೊದಲಿಗಿಂತ ಜೋರಾಗಿ ಕೆಮ್ಮಿದ.