ಬೀಗರ ಊಟಕ್ಕೆ ಕೆಂಪು ವೈನು

ನಾನು ಸವದತ್ತಿಯ ಹೈಸ್ಕೂಲೊಂದರಲ್ಲಿ ಹಿಂದಿ ಮಾಸ್ತರ. ಸ್ತ್ರೀಲಿಂಗ, ಪುಲ್ಲಿಂಗ ಬಿಟ್ಟರೆ ಬದುಕಿನಲ್ಲಿ ನನಗೆ ಬೇರೆ ಗೊಂದಲವೇ ಇಲ್ಲ ಎಂದು ಬಹಳ ದಿನ ನಂಬಿಕೊಂಡಿದ್ದೆ. ಆ ನಂಬಿಕೆ ಒಡೆದದ್ದು ಒಂದು ಬಾಟಲಿಯಿಂದ. ಸುಳ್ಳೇಕೆ, ಎರಡು ಬಾಟಲಿಗಳಿಂದ!

ನಮ್ಮ ಒಬ್ಬಳೇ ಮಗಳು ಸವಿತಾ ಮಿರಜಿನಲ್ಲಿ ನರ್ಸ್. ಅಲ್ಲಿಯೇ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದಳು. ಹುಡುಗನ ಮನೆಯವರು ಜತ್ತ ಕಡೆಯವರು, ಕನ್ನಡವೇ ಮಾತಾಡುತ್ತಾರೆ, ದೊಡ್ಡ ದ್ರಾಕ್ಷಿ ತೋಟ. ಒಮ್ಮೆ ಹೋಗಿ ನೋಡಿಕೊಂಡು ಬಂದಿದ್ದೆವು. ಈಗ ಬೀಗರು, ಬೀಗತಿ ಇಬ್ಬರೂ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು.

"ಅವರ ದ್ರಾಕ್ಷಿ ಎಲ್ಲಾ ವೈನ್ ಕಾರ್ಖಾನಿಗೆ ಹೋಗತಾವಂತ," ಎಂದೆ ನಾನು ಹೆಂಡತಿ ಶಾಂತಾಗೆ. "ಅಂದಮ್ಯಾಲೆ ಅವರ ಮನ್ಯಾಗ ಊಟದ ಜೋಡಿ ವೈನು ಇರಬೇಕು. ನಾವು ಬರೇ ಮಜ್ಜಿಗಿ ಇಟ್ರ ಏನು ತಿಳಕೋತಾರ? ನಾಳೆ ಸವಿತಾಗ 'ಹಳ್ಳ್ಯಾಕಿ' ಅಂದ್ರ?"

ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಸವಿತಾಗೆ ಯಾರಾದರೂ ಏನಾದರೂ ಅಂದಾರು ಎಂಬ ಮಾತಿಗೆ ನಮ್ಮ ಮನೆಯಲ್ಲಿ ಬಹಳ ಬಲ. "ನಮಗ ಅದರ ಗಂಧ ಗಾಳಿ ಗೊತ್ತಿಲ್ಲಲ್ರೀ," ಎಂದಳು ಮೆಲ್ಲಗೆ.

"ನಾ ಎದಕ್ಕ ಇದ್ದೇನಿ?" ಎಂದೆ.

ಮೊಬೈಲಿನಲ್ಲಿ ಅಧ್ಯಯನ ಕೈಗೊಂಡೆ. ಮೀನಿಗೆ ಬಿಳಿ ವೈನು, ಮಾಂಸಕ್ಕೆ ಕೆಂಪು ಎಂದಿತ್ತು. ನಮ್ಮ ಮನೆಗೆ ಮೀನು ಬಂದದ್ದು ಸವಿತಾಳ ಚಿತ್ರಕಲೆಯ ಪುಸ್ತಕದಲ್ಲಿ ಮಾತ್ರ. ಎಣ್ಣಿಗಾಯಿ, ಝುಣಕ, ಶೇಂಗಾ ಹೋಳಿಗಿಗೆ ಯಾವುದು ಎಂದು ಎಷ್ಟು ಹುಡುಕಿದರೂ ಇಲ್ಲ! ಕೊನೆಗೆ ನಾನೇ ಒಂದು ಶಾಸ್ತ್ರೋಕ್ತ ನಿರ್ಣಯಕ್ಕೆ ಬಂದೆ. ಬದನೀಕಾಯಿಯ ಬಣ್ಣ ಕೆಂಪಿಗೆ ಹತ್ತಿರ. ಆದಕಾರಣ ಕೆಂಪು ವೈನು.

ಸವದತ್ತಿಯಲ್ಲಿ ಕೊಂಡರೆ ಮರುದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಗೆ ಗೊತ್ತಾಗುತ್ತದೆ. ಹೀಗಾಗಿ ಪಕ್ಕದ ಮನೆಯ ದಸ್ತಗೀರಸಾಬರ ಆಟೋ ಹತ್ತಿ ರಾಮದುರ್ಗಕ್ಕೆ ಹೊರಟೆ. ಅಂಗಡಿ ಕಂಡದ್ದೇ ದಸ್ತಗೀರಸಾಬರು ಆಟೋವನ್ನು ಬಹಳ ಮುಂದೆ ಒಯ್ದು ನಿಲ್ಲಿಸಿದರು.

"ನಾ ಇಲ್ಲೇ ಇರತೇನ್ರಿ ಸರ್. ನೀವ ಹೋಗಿ ಬರ್ರಿ. ಅಲ್ಲಾ ನಿಮ್ಮನ್ನ ಕಾಪಾಡಲಿ."

ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹೋದೆ. ಅಂಗಡಿಯ ಮುಂದೆ ನೂಕುನುಗ್ಗಲು. ಅಷ್ಟರಲ್ಲಿ ಒಬ್ಬ ಗಟ್ಟಿಯಾಗಿ ಕೂಗಿದ.

"ಏ, ಹಿಂದಿ ಸರ್ ಬಂದಾರ! ಜಾಗಾ ಬಿಡ್ರಲೇ!"

ಜನ ಎರಡು ಭಾಗವಾದರು. ಎಲ್ಲರೂ ಸವದತ್ತಿಯವರು! ನನ್ನ ಕಣ್ಣು ತಪ್ಪಿಸಲೆಂದೇ ಇಷ್ಟು ದೂರ ಬಂದ ಪಾಲಕರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಯೇ ಬಗ್ಗಿ ನನ್ನ ಕಾಲು ಮುಟ್ಟಿದ. "ಸರ್, ನಿಮ್ಮ ಆಶೀರ್ವಾದದಿಂದ ಎಲ್ಲಾ ಆರಾಮ ಐತ್ರಿ," ಎಂದ. ಅವನ ಇನ್ನೊಂದು ಕೈಯಲ್ಲಿ ಬಾಟಲಿ ಇತ್ತು.

"ಏನ್ ಕೊಡ್ಲಿ ಸರ್?" ಎಂದ ಅಂಗಡಿಯವ.

"ವೈನು."

ಅವನಿಗೆ ತಿಳಿಯಲಿಲ್ಲ. "ವೈನು ಅಂದ್ರ ಯಾವ್ದ್ರಿ? ವಿಸ್ಕಿ ಐತಿ, ರಮ್ ಐತಿ..."

"ಮ್ಯಾಲೆ ಬೋರ್ಡಿನ್ಯಾಗ 'ವೈನ್ಸ್' ಅಂತ ಬರದೀರಲ್ಲ?"

"ಅದು ಅಂಗಡಿ ಹೆಸರ್ರಿ ಸರ್!"

ಕಡೆಗೆ ಒಳಗಿನ ಮೂಲೆಯಿಂದ ಎರಡು ಕೆಂಪು ಬಾಟಲಿ ತಂದು ಧೂಳು ಒರೆಸಿದ. ಎರಡನ್ನೂ ಕೊಂಡೆ. ಒಂದು ಬೀಗರ ಊಟಕ್ಕೆ, ಇನ್ನೊಂದು ನಮ್ಮ ದಿನದ ಊಟದ ಜೋಡಿ ಪರೀಕ್ಷೆಗೆ. ಮಾಸ್ತರ ಎಂದಮೇಲೆ ಪೂರ್ವಪರೀಕ್ಷೆ ಇಲ್ಲದೆ ಹೇಗೆ?

ಬೀಗರು ಬರುವ ಹಿಂದಿನ ಸಂಜೆ ಪರೀಕ್ಷೆ ನಡೆಯಿತು. ಬೂಚು ತೆಗೆಯುವ ಸಾಧನ ಬೇರೆಯೇ ಇರುತ್ತದೆ ಎಂದು ಯಾರು ಬಲ್ಲರು? ಹಲ್ಲಿನಿಂದ ಎಳೆದೆ, ಚಾಕುವಿನಿಂದ ಕೆದರಿದೆ. ಕೊನೆಗೆ ಸ್ಕ್ರೂಡ್ರೈವರ್ ಇಟ್ಟು ಲಟ್ಟಣಿಗೆಯಿಂದ ಒಂದು ಹೊಡೆತ ಕೊಟ್ಟೆ. ಬೂಚು ಒಳಗೆ ಹೋಯಿತು, ವೈನು ಹೊರಗೆ ಬಂತು! ನನ್ನ ಮುಖ, ಬನಿಯನ್, ಬೀಗರಿಗೆಂದೇ ಸುಣ್ಣ ಬಳಿದ ಗೋಡೆ, ಎಲ್ಲಾ ಕೆಂಪು. ಶಾಂತಾ ನನ್ನ ಹಣೆ ಒಡೆಯಿತೆಂದು ಅರಿಷಿಣದ ಡಬ್ಬಿ ಹಿಡಿದು ಓಡಿ ಬಂದಳು.

ಉಳಿದದ್ದನ್ನು ಸ್ಟೀಲಿನ ವಾಟಗಕ್ಕೆ ಹಾಕಿದೆ. ಮೊಬೈಲಿನಲ್ಲಿ ಹೇಳಿದಂತೆ ಗರಗರ ತಿರುಗಿಸಿದೆ, ಮೂಸಿದೆ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ.

"ಹೆಂಗೈತ್ರಿ?"

"ಗಂಭೀರ ಐತಿ," ಎಂದೆ. ಕಷಾಯದಷ್ಟು ಒಗರು!

ಶಾಂತಾ ಹೆದರುತ್ತಲೇ ತುಟಿಗೆ ಹಚ್ಚಿ ಮುಖ ಕಿವುಚಿದಳು. ಖಾರಬ್ಯಾಳಿಯ ಮೇಲೆ ಕುಡಿದು "ಅಯ್ಯಯ್ಯ, ಬಾಯಿ ಸುಡತು!" ಎಂದಳು. ಆದರೆ ಅವಳು ಅಡುಗೆ ಬಲ್ಲವಳು, ಅಷ್ಟಕ್ಕೆ ಬಿಡುವವಳಲ್ಲ. ಎಣ್ಣಿಗಾಯಿಯ ಒಂದು ತುತ್ತು ತಿಂದು ಮತ್ತೆ ಒಂದು ಗುಟುಕು ಕುಡಿದಳು.

"ರೀ, ಇದರ ಜೋಡಿ ಹೊಂದತೈತಿ ನೋಡ್ರಿ. ಶೇಂಗಾ, ಎಳ್ಳು, ಎಣ್ಣಿ ಕೂಡಿ ಒಗರ ತಗದ ಬಿಡತಾವು."

ಹೌದು! ಅಷ್ಟು ಹೊತ್ತು ಜಗಳ ಮಾಡುತ್ತಿದ್ದ ವೈನು ಆ ತುತ್ತಿನ ಮೇಲೆ ಮೆತ್ತಗಾಗಿ ಇಳಿಯಿತು. ಇಬ್ಬರೂ ಒಂದೇ ವಾಟಗದಿಂದ ಕುಡಿದೆವು. ಶಾಂತಾಳ ಮುಖ ಸ್ವಲ್ಪ ಕೆಂಪಾಗಿತ್ತು. ನಗುತ್ತ ನಗುತ್ತ ತಟ್ಟನೆ ಕೇಳಿದಳು.

"ಸವಿತಾ ಅಲ್ಲಿ ಹೊಂದಿಕೊಂತಾಳೇನ್ರೀ?"

ನಾನು ಎಣ್ಣಿಗಾಯಿಯ ಅರ್ಧ ಮುರಿದು ಅವಳ ತಾಟಿಗೆ ಹಾಕಿದೆ.

ಮರುದಿನ ಮಧ್ಯಾಹ್ನ ಬೀಗರು ಬಂದರು. ಅವರ ಜೋಡಿಯೇ ಬಂದ ಸವಿತಾ ಅಡುಗೆಮನೆಯಲ್ಲಿ ಸಂಡಿಗಿ ಕರಿಯುತ್ತಿದ್ದಳು. ಅವಳಿಗೂ ಆಶ್ಚರ್ಯವಾಗಲಿ ಎಂದು ನಾವು ಏನೂ ಹೇಳಿರಲಿಲ್ಲ. ತಾಟು ಬಡಿಸಿದ್ದಾಯಿತು. ನಾನು ಬಾಟಲಿಗೆ ಹೊಸ ಟವೆಲ್ ಸುತ್ತಿ, ಮದುಮಗಳನ್ನು ಕರೆತರುವಂತೆ ತಂದೆ. ಗಾಜಿನ ಗ್ಲಾಸುಗಳಿಗೆ ಸುರಿದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. "ದ್ರಾಕ್ಷಿಯನ್ನೇ ಬದುಕಾಗಿಸಿಕೊಂಡ ತಮ್ಮಂಥ ಹಿರಿಯರಿಗೆ, ನಮ್ಮ ಬಡವರ ಮನೆಯ ಈ ಕಿಂಚಿತ್ ದ್ರಾಕ್ಷಾರಸ..."

ಬೀಗರ ಕೈ ರೊಟ್ಟಿಯ ಮೇಲೆಯೇ ನಿಂತಿತು. ಮೆಲ್ಲಗೆ ಅಂಗಿಯ ಗುಂಡಿ ಬಿಚ್ಚಿ ಕೊರಳು ತೋರಿಸಿದರು. ತುಳಸಿ ಮಾಲೆ!

"ಮಾಸ್ತರ, ನಾವು ವಾರಕರಿಗಳು. ಪಂಢರಪುರಕ್ಕ ನಡಕೊಂಡು ಹೋಗೂ ಮಂದಿ. ದ್ರಾಕ್ಷಿ ಬೆಳಿತೇವಿ, ಕಾರ್ಖಾನಿಗೆ ಹಾಕತೇವಿ. ನಮ್ಮ ಮನ್ಯಾಗ ಇದನ್ನ ಯಾರೂ ಮುಟ್ಟಂಗಿಲ್ಲ."

ಹಿಂದಿನ ಸಲ ನೋಡಿದಾಗ ಚಳಿಗಾಲ. ಅವರು ಕೊರಳಿಗೆ ಮಫ್ಲರ್ ಸುತ್ತಿದ್ದರು. ಆ ಮಫ್ಲರೇ ನನ್ನ ಸರ್ವನಾಶಕ್ಕೆ ಕಾರಣ!

"ಇದು ವೈನ್ ಅಲ್ರಿ," ಎಂದೆ. ನನ್ನ ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ. "ಕೋಕಂ ಶರಬತ್ತು!"

ಬೀಗರು ಗ್ಲಾಸಿನ ಕಡೆ ಒಮ್ಮೆ ನೋಡಿದರು. "ಹುಟ್ಟಿದಾಗಿಂದ ದ್ರಾಕ್ಷಿ ತೋಟದಾಗ ಅದೇನಿ, ಮಾಸ್ತರ."

ಹಾಗೆಂದು ತಾಟಿನ ಮುಂದಿನಿಂದ ಎದ್ದು ನಿಂತರು. ಬೀಗತಿಯೂ ಎದ್ದರು. ಸಂಡಿಗಿಯ ಬುಟ್ಟಿ ಹಿಡಿದು ಬಾಗಿಲಿಗೆ ಬಂದ ಸವಿತಾ "ಅಪ್ಪಾ!" ಎಂದಳು. ಮಗಳ ಮದುವೆಯನ್ನು ನನ್ನ ಕೈಯಾರೆ ಮುರಿದೆನೇ?

ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ ಉಪಾಯ. ಆ ವಸ್ತು ಕಣ್ಣಮುಂದೆ ಇರಬಾರದು. ನನ್ನ ಗ್ಲಾಸು ಎತ್ತಿ ಗಟಗಟ ಕುಡಿದೆ. ಶಾಂತಾಳದ್ದೂ ಕುಡಿದೆ. ಬೀಗರದ್ದು ಕುಡಿದೆ. ಬೀಗತಿಯದ್ದನ್ನೂ ಬಿಡಲಿಲ್ಲ! "ಖಾಲಿ ಆತ್ರಿ. ಈಗ ಕುಂದರ್ರಿ," ಎಂದೆ.

ಯಾರೂ ಕೂರಲಿಲ್ಲ. ನಾನೇ ಕುಸಿದು ಕೂತೆ. ಆಮೇಲೆ ನನ್ನ ನಾಲಿಗೆ ಸಡಿಲಾಯಿತು.

"ಬೀಗರ, ತಪ್ಪಾತ್ರಿ. ನನ್ನ ಮಗಳನ್ನ ನೀವು ಹಳ್ಳ್ಯಾಕಿ ಅನಬಾರದಂತ ತಂದೆ. ಆಕಿಗೆ ಆರಿದ ಚಾ ಸೇರಂಗಿಲ್ರಿ. ಸಿಟ್ಟು ಬಂದ್ರ ಮಾತಾಡಂಗಿಲ್ಲ. ಮಾತಾಡಲಿಲ್ಲಂದ್ರ ಹಸಿವಿ ಆಗೈತಂತ ತಿಳಕೊಂಡು ಉಣ್ಣಾಕ ಹಾಕ್ರಿ. ಗುಡುಗಿದ್ರ ಅಂಜತಾಳ. ಆಸ್ಪತ್ರಿಯಾಗ ರಕ್ತಕ್ಕ ಅಂಜಂಗಿಲ್ಲ, ಗುಡುಗಿಗೆ ಅಂಜತಾಳ. ಆವಾಗ ಯಾರರ ಬಾಜೂಕ ಕುಂದರಬೇಕ್ರಿ..."

ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಬಾಟಲಿಯ ಟವೆಲ್ಲೇ ಸಿಕ್ಕಿತು. ಆಗ ಬೀಗತಿ ಬಂದು ಶಾಂತಾಳ ಕೈ ಹಿಡಿದುಕೊಂಡರು.

"ಅಕ್ಕಾರ, ಬ್ಯಾರೆ ತಾಟು ಹಾಕ್ರಿ. ನನಗಂತೂ ಹಸಿವಿ ಆಗೈತಿ."

ಬೀಗರು ನನ್ನ ಪಕ್ಕಕ್ಕೇ ಕೂತು ಹೆಗಲ ಮೇಲೆ ಕೈ ಇಟ್ಟರು. "ನಮಗ ಹೆಣ್ಣುಮಕ್ಕಳಿಲ್ಲ, ಮಾಸ್ತರ. ಇವನ್ನೆಲ್ಲಾ ನಮಗ ಯಾರು ಹೇಳತಿದ್ರು? ಇನ್ನೂ ಏನರ ಇದ್ರ ಹೇಳ್ರಿ."

ಹಾಗೆ ಹೇಳಬಾರದಿತ್ತು ಅವರು. ನಾನು ಸವಿತಾಳ ಬಾಲವಾಡಿಯಿಂದ ಶುರುಮಾಡಿದೆ! ಎಲ್ಲಿಗೆ ಮುಗಿಸಿದೆ ಎಂಬುದು ನನಗೆ ತಿಳಿಯದು. ಬೀಗರ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದೆನಂತೆ. ನಾನು ಏಳಬಾರದೆಂದು ಅವರು ಎಡಗೈ ಅಲ್ಲಾಡಿಸದೆ ಎರಡು ಹೋಳಿಗಿ ಉಂಡರೆಂದು ಆಮೇಲೆ ಶಾಂತಾ ಹೇಳಿದಳು. ಗೊರಕೆಯ ವಿಷಯವನ್ನು ಅವಳು ಹೇಳಲಿಲ್ಲ. ಅದನ್ನು ಬೀಗರೇ ಮದುವೆಯಲ್ಲಿ ಎಲ್ಲರಿಗೂ ಹೇಳಿದರು.

ಮದುವೆಯಾದ ಮೊದಲ ಸುಗ್ಗಿಗೆ ಜತ್ತ ಬಸ್ಸಿನಲ್ಲಿ ಒಂದು ಪೆಟ್ಟಿಗೆ ದ್ರಾಕ್ಷಿ ಬಂತು. ಹಿಂದೆಯೇ ಸವಿತಾಳ ಫೋನು.

"ಅಪ್ಪಾ, ಮಾವಾರು ಹೇಳ್ಯಾರ, ಇವನ್ನ ತೊಳದು ಹಂಗ ತಿನ್ನಬೇಕಂತ. ಮತ್ತೇನೂ ಮಾಡಬಾರದಂತ!" ಫೋನಿನ ಆಚೆ ನಾಲ್ಕಾರು ಜನ ನಕ್ಕದ್ದು ಕೇಳಿಸಿತು. ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ನನ್ನ ಮಗಳು.

ತೊಳೆದು, ಕಟ್ಟೆಯ ಮೇಲೆ ಕೂತು ತಿನ್ನತೊಡಗಿದೆ. ಶಾಂತಾ ಬಂದು ನನ್ನ ಮುಖ ನೋಡಿದಳು.

"ಇವತ್ತ ಏನೂ ಕುಡದಿಲ್ಲಲ್ಲ? ಮತ್ಯಾಕ ಕಣ್ಣಾಗ ನೀರು?"

"ಭಾಳ ಹುಳಿ ಅದಾವು," ಎಂದೆ.

ಅವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು.

"ಸಕ್ಕರಿ ಇದ್ದಂಗ ಅದಾವ್ರೀ!" ಎಂದಳು.